ಪ್ರಾರ್ಥಿಸಿರಿ, ಬಾಯಿ ಬಿಟ್ಟು ಕೇಳಿರಿ: ಕೆಲಸ ಹುಡುಕುತ್ತಿರುವ ಯೌವನಸ್ಥರಿಗೆ ಒಂದು ಪಾಠ

ಯೌವನಸ್ಥರ ಕೂಟದ ಸಂದೇಶ, ಸಂತೆಕಲ್ಲೂರು

ಓದುವ ಭಾಗ: ಆದಿಕಾಂಡ 40:6–15, 41:9–14, ಅಪೊಸ್ತಲರ ಕೃತ್ಯಗಳು 9:26–27, 11:25–26

 

ನಮ್ಮ ಕೂಟದಲ್ಲಿ ಪ್ರಾರ್ಥನೆ ಚೀಟಿ ಬರೆದು ಕೊಡ್ತೀರಿ. ಅದರಲ್ಲಿ ಹೆಚ್ಚಿನ ಚೀಟಿಯೊಳಗೆ ಇರೋದು ಎರಡೇ ಮಾತು: "ಕೆಲಸಕ್ಕಾಗಿ ಪ್ರಾರ್ಥಿಸಿ." ನಾನು ಪ್ರಾರ್ಥಿಸ್ತೀನಿ. ಆದರೆ ಯಾವ ಕೆಲಸ? ನೀವು ಏನು ಓದಿದ್ದೀರಿ? ಎಲ್ಲಿಯವರೆಗೆ ಪ್ರಯತ್ನ ಮಾಡಿದ್ದೀರಿ? ಯಾವುದೂ ಇರೋದಿಲ್ಲ. ನಿಮ್ಮ ಪಕ್ಕದಲ್ಲೇ ಜಮಖಾನದ ಮೇಲೆ ಕೂತ ಅಣ್ಣನ ಆಫೀಸಿನಲ್ಲಿ ಅಂಥದೇ ಒಂದು ಜಾಗ ಖಾಲಿ ಇರಬಹುದು. ಅವನಿಗೂ ನಿಮ್ಮ ವಿಷಯ ಗೊತ್ತಿಲ್ಲ. ಇಬ್ಬರೂ ಕಣ್ಣು ಮುಚ್ಚಿ ಆಮೆನ್ ಅಂದು ಮನೆಗೆ ಹೋಗ್ತೀರಿ.

ಇವತ್ತು ನಾನು ಹೇಳಬೇಕಾದದ್ದು ಒಂದೇ. ದೇವರು ಬಾಗಿಲು ತೆರೀತಾನೆ ಅಂತ ನಂಬೋ ನಾವು, ಆತನು ಎಷ್ಟೋ ಸಲ ಬಾಗಿಲನ್ನು ಒಬ್ಬ ಮನುಷ್ಯನ ಬಾಯಿಂದ ತೆರೀತಾನೆ ಅನ್ನೋದನ್ನೂ ನಂಬಬೇಕು. ಆ ಮನುಷ್ಯನ ಹತ್ತಿರ ಹೋಗಿ ಮಾತಾಡೋದು ನಮ್ಮ ಪಾಲಿನ ಕೆಲಸ. ನಮಗೆ ಕೆಲಸ ಇದ್ದರೆ, ಇನ್ನೊಬ್ಬರಿಗೆ ಆ ಬಾಯಿ ಆಗೋದೂ ನಮ್ಮ ಪಾಲಿನ ಕೆಲಸವೇ.

1. ಕೇಳೋದು ಅವಿಶ್ವಾಸವಲ್ಲ

ಯೋಸೇಫನನ್ನು ನೋಡ್ರಿ. ಸೆರೆಮನೆಯಲ್ಲಿದ್ದಾನೆ. ಫರೋಹನ ಪಾನದಾಯಕನ ಕನಸಿಗೆ ಅರ್ಥ ಹೇಳ್ತಾನೆ. ಅರ್ಥ ದೇವರಿಂದಲೇ ಬರೋದು ಅಂತ ಮೊದಲೇ ಒಪ್ಪಿಕೊಂಡಿದ್ದಾನೆ. ಇಷ್ಟು ವಿಶ್ವಾಸ ಇದ್ದವನು ಸುಮ್ಮನೆ ಕೂತನೋ? ಇಲ್ಲ. 14ನೇ ವಚನದಲ್ಲಿ ಬಾಯಿ ಬಿಟ್ಟು ಕೇಳ್ತಾನೆ: ನಿನಗೆ ಒಳ್ಳೆಯದಾದಾಗ ನನ್ನ ನೆನಪು ಇಟ್ಟುಕೋ, ಫರೋಹನ ಮುಂದೆ ನನ್ನ ವಿಷಯ ಎತ್ತು, ಇಲ್ಲಿಂದ ಬಿಡಿಸು ಅಂತ.

ಕೆಲವರು ಇದನ್ನು ಬೇರೆ ರೀತಿ ಪ್ರಸಂಗ ಮಾಡ್ತಾರೆ. ಯೋಸೇಫನು ಮನುಷ್ಯನನ್ನು ನಂಬಿದ, ಅದಕ್ಕೇ ಇನ್ನೂ ಎರಡು ವರ್ಷ ಸೆರೆಯಲ್ಲಿದ್ದ ಅಂತ. ನೀವೇ ಅಧ್ಯಾಯ ಓದಿ ನೋಡ್ರಿ, ವಾಕ್ಯ ಹಾಗೆ ಹೇಳೋದಿಲ್ಲ. ಪಾನದಾಯಕನು ಮರೆತ ಅಂತ ಮಾತ್ರ ಹೇಳುತ್ತೆ. ಎರಡು ವರ್ಷ ಆದ ಮೇಲೆ ದೇವರು ಯಾರನ್ನು ಉಪಯೋಗಿಸಿದ? ಅದೇ ಪಾನದಾಯಕನನ್ನು. ಅವತ್ತು ಯೋಸೇಫನು ಹೇಳಿದ್ದ ಮಾತೇ ಇವನ ಬಾಯಿಂದ ಫರೋಹನ ಕಿವಿಗೆ ಬಿತ್ತು. ಆ ಪಾನದಾಯಕನು ಐಗುಪ್ತ್ಯನು, ವಿಶ್ವಾಸಿಯಲ್ಲ. ಇದನ್ನೂ ಗಮನಿಸಿರಿ. ಸಭೆಯ ಹೊರಗಿನವರ ಸಹಾಯ ಕೇಳಬಾರದು ಅಂತ ವಾಕ್ಯದಲ್ಲಿಲ್ಲ.

ನೆಹೆಮೀಯನು ಎರಡನೇ ಅಧ್ಯಾಯದಲ್ಲಿ ಅರಸನ ಮುಂದೆ ನಿಂತಿದ್ದಾನೆ. 4ನೇ ವಚನದಲ್ಲಿ ಪ್ರಾರ್ಥನೆ, 5ನೇ ವಚನದಲ್ಲಿ ಅರಸನಿಗೆ ಬಿನ್ನಹ, 7ಮತ್ತು 8ರಲ್ಲಿ ಅಧಿಕಾರಿಗಳಿಗೆ ಪತ್ರ ಬೇಕು ಅನ್ನೋ ಬೇಡಿಕೆ. ಪ್ರಾರ್ಥನೆಗೂ ಕೇಳೋದಕ್ಕೂ ನಡುವೆ ಒಂದು ಉಸಿರಿನಷ್ಟೇ ಅಂತರ.

2. ಪರಿಚಯ ಬೇರೆ, ವಶೀಲಿ ಬೇರೆ

"ಬ್ರದರ್, ಇದು ವಶೀಲಿ ಅಲ್ಲೇನು?" ಅಂತ ಒಬ್ಬ ತಮ್ಮ ನನ್ನನ್ನು ಕೇಳಿದ. ಒಳ್ಳೆ ಪ್ರಶ್ನೆ. ಅರ್ಹತೆ ಇಲ್ಲದವನನ್ನು ಹಣದಿಂದಲೋ ಒತ್ತಡದಿಂದಲೋ ಒಳಗೆ ತೂರಿಸಿ, ಅರ್ಹತೆ ಇದ್ದವನ ಜಾಗ ಕಸಿದುಕೊಳ್ಳೋದು ವಶೀಲಿ. ಅದು ಪಾಪ. ಆದರೆ ಖಾಲಿ ಜಾಗದ ಸುದ್ದಿ ತಿಳಿಸೋದು, "ಈ ಹುಡುಗಿಯ ಕೆಲಸ ನಾನು ನೋಡಿದ್ದೀನಿ, ಒಮ್ಮೆ ಕರೆದು ಮಾತಾಡಿಸಿ" ಅನ್ನೋದು ಪರಿಚಯ. ಪೌಲನು ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ಶುರುವಾಗೋದೇ ಇಂಥ ಪರಿಚಯದಿಂದ. ಫೊಯಿಬೆ ಯಾವ ಸಭೆಯವಳು, ಏನು ಸೇವೆ ಮಾಡಿದ್ದಾಳೆ ಅಂತ ತಾನು ಕಂಡದ್ದನ್ನು ಬರೆದು, ಅವಳಿಗೆ ಬೇಕಾದ ಸಹಾಯ ಮಾಡಿರಿ ಅಂತ ಕೇಳ್ತಾನೆ.

ಐಟಿ ಕಂಪನಿ, ದೊಡ್ಡ ಆಸ್ಪತ್ರೆ, ಬ್ಯಾಂಕುಗಳಲ್ಲಿ ಇದಕ್ಕೆ ರೆಫರಲ್ ಅಂತಾರೆ. ಒಳಗೆ ಕೆಲಸ ಮಾಡೋರು ನಿಮ್ಮ ರೆಸ್ಯೂಮೆಯನ್ನು ಕಂಪನಿಯ ಒಳಗಿನ ಪೋರ್ಟಲ್‌ನಲ್ಲಿ ಹಾಕ್ತಾರೆ. ನೂರಾರು ಅರ್ಜಿಗಳ ರಾಶಿಯಲ್ಲಿ ನಿಮ್ಮದನ್ನು ಒಬ್ಬರು ತೆಗೆದು ನೋಡೋ ಸಾಧ್ಯತೆ ಹೆಚ್ಚಾಗುತ್ತೆ. ಅಷ್ಟೇ. ಇಂಟರ್ವ್ಯೂ ನೀವೇ ಪಾಸಾಗಬೇಕು. ಎಷ್ಟೋ ಕಂಪನಿಗಳು ರೆಫರ್ ಮಾಡಿದವರಿಗೆ ಬೋನಸ್ ಕೂಡ ಕೊಡ್ತಾವೆ. ಹಾಗಾಗಿ ಕೇಳೋದಕ್ಕೆ ಭಿಕ್ಷೆ ಬೇಡಿದಂತೆ ತಲೆ ತಗ್ಗಿಸಬೇಡ್ರಿ.

ಸರ್ಕಾರಿ ಕೆಲಸದ ಮಾತು ಬೇರೆ. ಕೆಪಿಎಸ್‌ಸಿ, ಕೆಇಎ ಪರೀಕ್ಷೆ ಇರಲಿ, ನಮ್ಮ ಪಕ್ಕದ ಹಟ್ಟಿ ಚಿನ್ನದ ಗಣಿಯ ನೇಮಕಾತಿ ಇರಲಿ, ಅಧಿಸೂಚನೆ ಬರಬೇಕು, ಅರ್ಜಿ ಹಾಕಬೇಕು, ನಿಯಮದ ಪ್ರಕಾರ ಆಯ್ಕೆ ಆಗಬೇಕು. "ನಾನು ಮಾಡಿಸಿ ಕೊಡ್ತೀನಿ" ಅನ್ನೋನು ಬಂದರೆ ದೂರ ಇರಿ. ಅಲ್ಲಿ ಪರಿಚಯ ಬೇಕಾಗೋದು ಮಾಹಿತಿಗೆ ಮಾತ್ರ. ಒಂದು ಉದಾಹರಣೆ: 2012ರ 98ನೇ ಸಂವಿಧಾನ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ 371(ಜೆ) ಸಿಕ್ಕಿತು. ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಇದೆ. ಆದರೆ ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ನಮಗೆ ಆ ಕಚೇರಿ ಲಿಂಗಸುಗೂರಿನಲ್ಲೇ ಇದೆ. ಬೆಂಗಳೂರಿನ ಪಿಜಿಯಲ್ಲಿ ಕೂತವರು ಅರ್ಜಿಯ ಕೊನೆಯ ದಿನ ಊರಿಗೆ ಫೋನ್ ಮಾಡಿ "ಆ ಸರ್ಟಿಫಿಕೇಟ್ ಹೆಂಗ ಮಾಡಸೋದು?" ಅಂತ ಕೇಳಬಾರದು. ಈ ರಜೆಯಲ್ಲೇ ಮಾಡಿಸಿಕೊಳ್ರಿ. ಈಗಾಗಲೇ ಮಾಡಿಸಿದವರು ಇಲ್ಲೇ ಕೂತಿದ್ದಾರೆ, ಕೇಳ್ರಿ.

3. ದೂರದ ಪರಿಚಯ ಯಾಕೆ ಹೆಚ್ಚು ಕೆಲಸಕ್ಕೆ ಬರುತ್ತೆ?

ಅಮೆರಿಕದಲ್ಲಿ ಮಾರ್ಕ್ ಗ್ರಾನೊವೆಟರ್ ಅನ್ನೋ ಸಮಾಜಶಾಸ್ತ್ರಜ್ಞರು, ಜನರಿಗೆ ಕೆಲಸ ಹೇಗೆ ಸಿಕ್ಕಿತು ಅಂತ ಬಾಸ್ಟನ್ ಹತ್ತಿರದ ನ್ಯೂಟನ್ ಊರಿನಲ್ಲಿ ವಿಚಾರಿಸಿದರು. ಅವರ ಪ್ರಸಿದ್ಧ ಲೇಖನ 1973ರಲ್ಲಿ, ಪುಸ್ತಕ 1974ರಲ್ಲಿ ಬಂತು. ಅರ್ಧಕ್ಕಿಂತ ಹೆಚ್ಚು ಜನರಿಗೆ ಕೆಲಸ ಸಿಕ್ಕಿದ್ದು ಪರಿಚಯದವರ ಮೂಲಕ. ಆ ಪರಿಚಯದವರನ್ನು ಎಷ್ಟು ಸಲ ಭೇಟಿಯಾಗ್ತಿದ್ದಿರಿ ಅಂತ ಕೇಳಿದಾಗ, ವಾರಕ್ಕೆ ಎರಡು ಸಲವಾದರೂ ಅಂದವರು ನೂರಕ್ಕೆ ಸುಮಾರು 17 ಜನ ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಸುಮಾರು 56. ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಕಡಿಮೆ ಅಂದವರು ಸುಮಾರು 28. 2022ರಲ್ಲಿ ಲಿಂಕ್ಡ್‌ಇನ್ ಬಳಸೋ ಸುಮಾರು 2 ಕೋಟಿ ಜನರ 5 ವರ್ಷದ ಮಾಹಿತಿ ನೋಡಿ ಮಾಡಿದ ಅಧ್ಯಯನವೂ ಬಂತು. ಹೊಸ ಕೆಲಸಕ್ಕೆ ಹೆಚ್ಚು ನೆರವಾಗೋದು ತೀರಾ ಆಪ್ತರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ, ಮಧ್ಯದ ಪರಿಚಯದವರು ಅಂತ ಅದು ತೋರಿಸಿತು.

ಕಾರಣ ಸರಳ. ಒಂದೇ ಪಿಜಿಯಲ್ಲಿ ನಮ್ಮ ಕಡೆಯ ಐದು ಹುಡುಗರು ಇದ್ದರೆ, ಐವರಿಗೂ ಗೊತ್ತಿರೋದು ಅವೇ ನಾಲ್ಕು ಕಂಪನಿ. ಒಬ್ಬನಿಗೆ ಬಂದ ಸುದ್ದಿ ರಾತ್ರಿ ಊಟದ ಹೊತ್ತಿಗೆ ಐವರಿಗೂ ಬಂದಿರುತ್ತೆ. ಆದರೆ ಡಿಗ್ರಿಯಲ್ಲಿ ನಿಮ್ಮ ಜೊತೆ ಓದಿ ಈಗ ಬೇರೆ ಊರಿನಲ್ಲಿರೋಳು, ನಿಮ್ಮ ಹಳೇ ಲೆಕ್ಚರರ್, ಕಂಪನಿ ಬಿಟ್ಟು ಹೋದ ಸೀನಿಯರ್, ಇವರಿಗೆ ನಿಮ್ಮ ಗುಂಪಿಗೆ ಗೊತ್ತಿಲ್ಲದ ಸುದ್ದಿ ಗೊತ್ತಿರುತ್ತೆ. ಯೋಸೇಫನಿಗೆ ಪಾನದಾಯಕನು ಯಾರು? ಸ್ವಲ್ಪ ಕಾಲ ಜೊತೆಗಿದ್ದ ಒಬ್ಬ ಪರಿಚಯಸ್ಥ, ಅಷ್ಟೇ. ಸೆರೆಯಲ್ಲೇ ಉಳಿದ ಬೇರೆ ಕೈದಿಗಳು ಎಷ್ಟೇ ಆಪ್ತರಾಗಿದ್ದರೂ ಅರಮನೆಗೆ ಸುದ್ದಿ ಮುಟ್ಟಿಸೋಕೆ ಆಗ್ತಿರಲಿಲ್ಲ.

ನೆಟ್‌ವರ್ಕಿಂಗ್ ಅಂದ ಕೂಡಲೇ ಕೋಟು ಹಾಕಿದವರ ಕೆಲಸ ಅಂತ ತಿಳೀಬೇಡ್ರಿ. ನಮ್ಮ ಹಿರಿಯರು ಗುಳೆ ಹೋಗ್ತಿದ್ದರಲ್ಲ, ಯಾರಾದರೂ ಗೊತ್ತುಗುರಿ ಇಲ್ಲದೆ ಬಸ್ಸು ಹತ್ತುತ್ತಿದ್ದರೇನು? ಮೊದಲು ಹೋದವರು ಯಾರು, ಮೇಸ್ತ್ರಿ ಎಂಥವನು, ಕೂಲಿ ಸರಿಯಾಗಿ ಕೊಡ್ತಾನೋ, ಇರೋಕೆ ಜಾಗ ಐತೋ, ಎಲ್ಲಾ ವಿಚಾರಿಸಿಕೊಂಡೇ ಹೋಗ್ತಿದ್ದರು. ಅಕ್ಷರ ಬಾರದ ಅಪ್ಪ ಅವ್ವ ಮಾಡಿದ್ದನ್ನು, ಡಿಗ್ರಿ ಆದ ನಾವು ನಾಚಿಕೆಯಿಂದ ಬಿಟ್ಟಿದ್ದೀವಿ.

4. ಹೇಗೆ ಕೇಳಬೇಕು?

ಮೊದಲನೆಯದು, ಕೇಳೋಕೆ ಮುಂಚೆ ಮನುಷ್ಯನನ್ನು ನೋಡಿರಿ. ಆದಿಕಾಂಡ 40:7ರಲ್ಲಿ ಯೋಸೇಫನೇ ಮೊದಲು ಆ ಇಬ್ಬರು ಕೈದಿಗಳ ಮುಖ ಬಾಡಿದ್ದನ್ನು ಕಂಡು, ಯಾಕೆ ಅಂತ ವಿಚಾರಿಸಿದ. ನೀವು ಮೂರು ವರ್ಷ ಮೆಸೇಜ್ ಮಾಡದೆ ಇದ್ದ ಅಕ್ಕನಿಗೆ ಒಮ್ಮೆಲೇ ರೆಸ್ಯೂಮೆ ಕಳಿಸಬೇಡ್ರಿ. ಹೇಗಿದ್ದೀರಿ ಅಂತ ಕೇಳ್ರಿ, ಅವರ ಉತ್ತರ ಪೂರ್ತಿ ಓದ್ರಿ.

ಎರಡನೆಯದು, ಪಟ್ಟಿ ಮಾಡಿರಿ. ಒಂದು ಹಾಳೆಯಲ್ಲಿ 30 ಹೆಸರು. ಹಳೇ ಸಹಪಾಠಿಗಳು, ಲೆಕ್ಚರರ್‌ಗಳು, ಹಿಂದಿನ ಕೆಲಸದ ಜಾಗದವರು, ಬೇರೆ ಸಭೆಯ ವಿಶ್ವಾಸಿಗಳು, ಊರಿನಿಂದ ಹೊರಗೆ ಹೋದವರು, ನಿಮ್ಮದೇ ಕಸುಬಿನವರು. ಪೌಲನು ಗೊತ್ತಿಲ್ಲದ ಕೊರಿಂಥಕ್ಕೆ ಬಂದಾಗ ಅಕ್ವಿಲ, ಪ್ರಿಸ್ಕಿಲ್ಲರ ಬಳಿ ಉಳಿದು ಕೆಲಸ ಮಾಡಿದ. ಅಪೊಸ್ತಲರ ಕೃತ್ಯಗಳು 18:3 ಕಾರಣ ಹೇಳುತ್ತೆ: ಕಸುಬು ಒಂದೇ ಆಗಿತ್ತು, ಗುಡಾರ ಮಾಡೋದು.

ಮೂರನೆಯದು, ಸ್ಪಷ್ಟವಾಗಿ ಕೇಳಿರಿ. "ಬ್ರದರ್, ಯಾವುದಾದ್ರೂ ಕೆಲಸ ಇದ್ರೆ ಹೇಳಿ" ಅನ್ನೋ ಮೆಸೇಜಿಗೆ ಯಾರೂ ಏನೂ ಮಾಡೋಕೆ ಆಗಲ್ಲ. ಯೋಸೇಫನ ಬೇಡಿಕೆ ನೋಡ್ರಿ: ಯಾರಿಗೆ ಹೇಳಬೇಕು, ಏನು ಬೇಕು, ತಾನು ಯಾರು, ಇಲ್ಲಿಗೆ ಹೇಗೆ ಬಂದೆ, ಎಲ್ಲಾ ಎರಡು ವಚನದಲ್ಲಿ ಮುಗಿದಿದೆ. ನೀವು ಹೀಗೆ ಬರೀಬಹುದು:

"ಅಕ್ಕಾ, ನಮಸ್ಕಾರ. ನಾನು ಸಿಂಧನೂರು ಕಾಲೇಜಿನಲ್ಲಿ ನಿಮಗಿಂತ ಎರಡು ವರ್ಷ ಜೂನಿಯರ್. ಬಿ.ಕಾಂ. ಆಗಿದೆ, ಎರಡು ವರ್ಷ ಅಕೌಂಟ್ಸ್ ಕೆಲಸ ಮಾಡಿದ್ದೀನಿ, ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ಸ್ ಬರುತ್ತೆ. ಹಿಂದಿನ ಕಂಪನಿ ಮುಚ್ಚಿದ್ದರಿಂದ ಎರಡು ತಿಂಗಳಿನಿಂದ ಹುಡುಕ್ತಿದ್ದೀನಿ. ನಿಮ್ಮ ಕ್ಷೇತ್ರದಲ್ಲಿ ಈಗ ಯಾವ ಕೌಶಲ ಕೇಳ್ತಾರೆ ಅಂತ ತಿಳ್ಕೊಳ್ಳೋಕೆ 15 ನಿಮಿಷ ಫೋನಿನಲ್ಲಿ ಮಾತಾಡಬಹುದಾ? ನಿಮಗೆ ಅನುಕೂಲವಾದ ದಿನ ಹೇಳಿ."

ಇಲ್ಲಿ ಕೆಲಸ ಕೊಡಿ ಅಂತ ಕೇಳಿಲ್ಲ, ಹದಿನೈದು ನಿಮಿಷ ಕೇಳಿದ್ದೀರಿ. ಅದನ್ನು ಕೊಡೋದು ಸುಲಭ. ಮಾತು ಮುಗಿಯೋವಾಗ ಒಂದೇ ಪ್ರಶ್ನೆ ಕೇಳ್ರಿ: "ನಾನು ಇನ್ನೂ ಯಾರ ಹತ್ತಿರ ಮಾತಾಡಿದರೆ ಒಳ್ಳೇದು?" ಒಂದು ಪರಿಚಯ ಎರಡಾಗೋದು ಹೀಗೆ.

ನಾಲ್ಕನೆಯದು, ಲಿಂಕ್ಡ್‌ಇನ್ ಪ್ರೊಫೈಲ್ ಸರಿ ಮಾಡಿರಿ. ಮುಖ ಕಾಣೋ ಫೋಟೋ, ನಿಮ್ಮ ಕೆಲಸ ಒಂದು ಸಾಲಿನಲ್ಲಿ, ನಿಜವಾಗಿ ಮಾಡಿದ ಕೆಲಸಗಳು. ಮಧ್ಯೆ ಆರು ತಿಂಗಳು ಕೆಲಸ ಇರಲಿಲ್ಲ ಅಂದರೆ ಮುಚ್ಚಿಡಬೇಡ್ರಿ. ಆ ಆರು ತಿಂಗಳಲ್ಲಿ ಏನು ಕಲಿತಿರಿ ಅಂತ ಹೇಳೋಕೆ ತಯಾರಿರಿ.

ಐದನೆಯದು, ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಂದೇ ಸಲ ವಿನಯದಿಂದ ನೆನಪಿಸಿರಿ. ಪಾನದಾಯಕನು ಮರೆತಿದ್ದು ದ್ವೇಷದಿಂದಲ್ಲ. ಎರಡನೇ ಸಲವೂ ಉತ್ತರ ಇಲ್ಲ ಅಂದರೆ ಬಿಟ್ಟುಬಿಡ್ರಿ, ಕಹಿ ಇಟ್ಟುಕೊಳ್ಳಬೇಡ್ರಿ.

ಆರನೆಯದು, ಕೃತಜ್ಞತೆ. ಹತ್ತು ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ. ಕೆಲಸ ಸಿಕ್ಕಿದರೂ ಸಿಗದಿದ್ದರೂ, ಸಹಾಯ ಮಾಡಿದವರಿಗೆ ಏನಾಯ್ತು ಅಂತ ತಿಳಿಸಿರಿ.

5. ಎರಡು ಎಚ್ಚರಿಕೆ

ಒಂದು, ಕೆಲಸಕ್ಕೆ ಹಣ ಕೊಡಬೇಡ್ರಿ. ರಿಜಿಸ್ಟ್ರೇಷನ್ ಫೀ, ಲ್ಯಾಪ್‌ಟಾಪ್ ಡಿಪಾಸಿಟ್, ಟ್ರೈನಿಂಗ್ ಚಾರ್ಜ್, ಬ್ಯಾಕ್‌ಡೋರ್ ಎಂಟ್ರಿ, ಹೆಸರು ಏನೇ ಇರಲಿ. ಕೆಲಸ ಕೊಡೋರು ಸಂಬಳ ಕೊಡ್ತಾರೆ, ನಿಮ್ಮಿಂದ ಹಣ ಕೇಳೋದಿಲ್ಲ. ಅವ್ವನ ಕಿವಿಯ ಓಲೆ ಅಡ ಇಟ್ಟು ಇಂಥವರ ಕೈಗೆ ಹಾಕಬೇಡ್ರಿ. ಆಫರ್ ಲೆಟರ್ ಬಂದರೆ, ಹಣದ ಮಾತು ಬಂದರೆ, ಮೊದಲು ಸಭೆಯಲ್ಲಿ ಗೊತ್ತಿರೋರಿಗೆ ತೋರಿಸಿರಿ.

ಎರಡು, ಸುಳ್ಳು ಎಕ್ಸ್‌ಪೀರಿಯನ್ಸ್ ಲೆಟರ್ ಬೇಡ. "ಎಲ್ಲರೂ ಮಾಡ್ತಾರೆ ಬ್ರದರ್" ಅನ್ನೋದನ್ನು ಕೇಳಿದ್ದೀನಿ. ಕಂಪನಿಗಳು ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡಿಸ್ತಾವೆ, ಪಿಎಫ್‌ನ ಯುಎಎನ್ ದಾಖಲೆಯಲ್ಲಿ ನೀವು ಎಲ್ಲಿ, ಎಷ್ಟು ದಿನ ಇದ್ದಿರಿ ಅಂತ ಕಾಣಬಹುದು. ಸಿಕ್ಕಿಬಿದ್ದರೆ ನಿಮ್ಮ ಕೆಲಸ ಹೋಗೋದಷ್ಟೇ ಅಲ್ಲ, ನಿಮ್ಮನ್ನು ರೆಫರ್ ಮಾಡಿದ ಅಕ್ಕನ ಮಾತಿಗೂ ಬೆಲೆ ಹೋಗುತ್ತೆ. ಜ್ಞಾನೋಕ್ತಿ 20:17 ಮೋಸದಿಂದ ಗಳಿಸಿದ ರೊಟ್ಟಿಯ ಬಗ್ಗೆ ಹೇಳುತ್ತೆ: ಮೊದಲು ಸಿಹಿ, ಆಮೇಲೆ ಬಾಯಿ ತುಂಬ ಹರಳು. ಜೋಳದ ರೊಟ್ಟಿಯಲ್ಲಿ ಹರಳು ಸಿಕ್ಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

6. ಕೆಲಸ ಇರೋರಿಗೆ: ಬಾರ್ನಬರಾಗಿರಿ

ಈಗ ಕೈಯಲ್ಲಿ ಕೆಲಸ ಇರೋರ ಕಡೆ ತಿರುಗ್ತೀನಿ.

ನಮ್ಮ ಕಡೆ ಹೊಸಬರು ಸಿಕ್ಕರೆ ಮೊದಲ ಪ್ರಶ್ನೆ ಏನು? "ನೀವು ಯಾವ ಪೈಕಿ?" ಸುದ್ದಿ, ಶಿಫಾರಸು, ಬಾಡಿಗೆ ಮನೆ, ಎಷ್ಟೋ ಸಲ ಈ ಪ್ರಶ್ನೆಯ ಉತ್ತರದ ಮೇಲೇ ಹರಿದಾಡ್ತಾವೆ. ಅಜ್ಜ ಶಾನುಭೋಗ, ಅಪ್ಪ ಮೇಷ್ಟ್ರು, ಮಾವ ಇಂಜಿನಿಯರ್ ಇರೋ ಮನೆಯ ಹುಡುಗನಿಗೆ ಪರಿಚಯದ ಪಟ್ಟಿ ಹುಟ್ಟುವಾಗಲೇ ಸಿಕ್ಕಿರುತ್ತೆ. ಅಪ್ಪ ಅವ್ವ ಇಬ್ಬರೂ ಹೊಲದ ಕೂಲಿ ಮಾಡಿ ಓದಿಸಿದ ಹುಡುಗಿಗೆ, ಮನೆಯಲ್ಲಿ ಮೊದಲ ಡಿಗ್ರಿ ಅವಳದೇ ಆದಾಗ, ಯಾರಿಗೆ ಫೋನ್ ಮಾಡಬೇಕು ಅನ್ನೋದೇ ಗೊತ್ತಿರಲ್ಲ. ಇಬ್ಬರ ಅಂಕವೂ ಒಂದೇ ಇರಬಹುದು. ಒಬ್ಬರಿಗೆ ಹತ್ತು ಬಾಗಿಲು, ಇನ್ನೊಬ್ಬರಿಗೆ ಗೋಡೆ.

ಆದರೆ ಸಭೆಯಲ್ಲಿ ನಾವೆಲ್ಲ ಒಂದೇ ಜಮಖಾನದ ಮೇಲೆ ಕೂಡ್ತೀವಿ, ಒಂದೇ ಪಾತ್ರೆಯಲ್ಲಿ ಪಾಲು ತಗೊಳ್ತೀವಿ. ಇಲ್ಲೂ ಆ ಹುಡುಗಿಗೆ ಯಾರೂ ಸಿಗಲಿಲ್ಲ ಅಂದರೆ, ನಾವು ಒಂದೇ ದೇಹ ಅಂತ ಹಾಡೋದಕ್ಕೆ ಅರ್ಥ ಏನು? ಬಟ್ಟೆ ಅನ್ನ ಇಲ್ಲದವರಿಗೆ ಬರೀ ಒಳ್ಳೆ ಮಾತು ಹೇಳಿ ಕಳಿಸೋರ ಬಗ್ಗೆ ಯಾಕೋಬನು 2ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಕೆಲಸ ಇಲ್ಲದವರಿಗೆ "ಪ್ರಾರ್ಥನೆ ಮಾಡ್ತೀನಿ" ಅಂದು, ಕೈಯಲ್ಲಿರೋ ಸುದ್ದಿ ಕೈಯಲ್ಲೇ ಇಟ್ಟುಕೊಳ್ಳೋದೂ ಅದೇ ಜಾತಿಯದು.

ಸೌಲನು ಯೆರೂಸಲೇಮಿಗೆ ಬಂದಾಗ ಎಲ್ಲರಿಗೂ ಅವನ ಭಯ. ಬಾರ್ನಬನು ಅವನನ್ನು ಕರೆದುಕೊಂಡು ಅಪೊಸ್ತಲರ ಬಳಿಗೆ ಹೋಗಿ, ಅವನಿಗೆ ಏನಾಯ್ತು, ಅವನು ದಮಸ್ಕದಲ್ಲಿ ಏನು ಮಾಡಿದ ಅಂತ ವಿವರಿಸಿದ. ತನ್ನ ಒಳ್ಳೆ ಹೆಸರನ್ನೇ ಅವನ ಪರವಾಗಿ ಒತ್ತೆ ಇಟ್ಟ. ಆಮೇಲೆ ಅಂತಿಯೋಕ್ಯದಲ್ಲಿ ಕೆಲಸ ಹೆಚ್ಚಾದಾಗ, ಬಾರ್ನಬನೇ ತಾರ್ಸಕ್ಕೆ ಹೋಗಿ ಸೌಲನನ್ನು ಹುಡುಕಿ ಕರೆತಂದ. ಸೌಲನು ಅರ್ಜಿ ಹಾಕಿರಲಿಲ್ಲ. ಜಾಗ ಖಾಲಿ ಇರೋದು ಕಂಡವನಿಗೆ, ಆ ಜಾಗಕ್ಕೆ ತಕ್ಕವನ ನೆನಪಾಯಿತು. ಮುಂದೆ ಪೌಲನು ಮಾಡಿದ ಸೇವೆಯ ಹಿಂದೆ ಬಾರ್ನಬನ ಈ ಪ್ರಯಾಣ ಇದೆ.

ಹಾಗಂತ ಗೊತ್ತಿಲ್ಲದ್ದನ್ನು ಹೇಳಬೇಡ್ರಿ. "ಒಳ್ಳೆ ವಿಶ್ವಾಸಿ" ಅನ್ನೋದು ವೆಲ್ಡಿಂಗ್ ಬರುತ್ತೆ ಅನ್ನೋದಕ್ಕೆ ಸಾಕ್ಷಿಯಲ್ಲ. ನೀವು ಕಂಡಷ್ಟೇ ಹೇಳಿರಿ. ಸಹಾಯಕ್ಕೆ ಸಭೆಗೆ ಬರಲೇಬೇಕು ಅನ್ನೋ ಷರತ್ತೂ ಹಾಕಬೇಡ್ರಿ. ಪಕ್ಕದ ರೂಮಿನ ಹುಡುಗ ಯಾವ ಧರ್ಮದವನೇ ಇರಲಿ, ಸುದ್ದಿ ಹೇಳ್ರಿ. ಸುವಾರ್ತೆಯನ್ನು ಕೆಲಸದ ಆಸೆ ತೋರಿಸಿ ಮಾರೋದು ನಮ್ಮ ಕರ್ತನಿಗೆ ಮೆಚ್ಚಿಗೆಯಲ್ಲ.

7. ಇನ್ನೂ ಕಾಯ್ತಿರೋರಿಗೆ

ಕೆಲವರು ಇದೆಲ್ಲ ಮಾಡಿದ್ದೀರಿ. ಐವತ್ತು ಜನರನ್ನು ಕೇಳಿದ್ದೀರಿ, ಊರಿಗೆ ಬಂದರೆ "ಇನ್ನೂ ಕೆಲಸ ಆಗಿಲ್ಲೇನು?" ಅನ್ನೋ ಮಾತಿಗೆ ಹೆದರಿ ಮನೆಯಿಂದ ಹೊರಗೆ ಬರ್ತಿಲ್ಲ. ನಾನು ಹೇಳಿದ ಯಾವ ಉಪಾಯವೂ ಗ್ಯಾರಂಟಿ ಅಲ್ಲ. ಅವು ಸಾಧ್ಯತೆ ಹೆಚ್ಚಿಸ್ತಾವೆ, ಅಷ್ಟೇ. ಸರಿಯಾಗಿ ಕೇಳಿದ ಯೋಸೇಫನೂ ಎರಡು ವರ್ಷ ಕಾದ.

ಮತ್ತಾಯ 20ರಲ್ಲಿ ಸಂತೆಯ ಬೀದಿಯಲ್ಲಿ ಸಂಜೆ ಐದರವರೆಗೂ ನಿಂತ ಕೂಲಿಯವರಿದ್ದಾರೆ. ಯಾಕೆ ಸುಮ್ಮನೆ ನಿಂತಿದ್ದೀರಿ ಅಂದರೆ, ಅವರ ಉತ್ತರ ಒಂದೇ: ಯಾರೂ ಕರೆಯಲಿಲ್ಲ. ಅವರು ಸೋಮಾರಿಗಳಲ್ಲ. ಬಿಸಿಲಲ್ಲಿ ನಿಂತೇ ಇದ್ದರು. ಆ ಯಜಮಾನನು ದಿನದಲ್ಲಿ ಐದು ಸಲ ತಾನೇ ಹೊರಗೆ ಬಂದು ಹುಡುಕಿದ. ಕೆಲಸ ಇಲ್ಲದ ಮನುಷ್ಯನನ್ನು ನಮ್ಮ ದೇವರು ನೋಡೋ ರೀತಿ ಅದು. ಸಂಬಳದ ಚೀಟಿ ನಿಮ್ಮ ಬೆಲೆ ಬರೆಯೋದಿಲ್ಲ. ಆದ್ದರಿಂದ ಸಂತೆ ಬಿಟ್ಟು ಹೋಗಬೇಡ್ರಿ. ನಿಂತಿರ್ರಿ, ಕೇಳ್ತಾ ಇರ್ರಿ. ನಿಮ್ಮನ್ನು ಕಂಡವರು ಕರೆಯೋ ಹಾಗೆ ನಾವು ಸಭೆಯವರು ಮಾಡಬೇಕು.

ಈ ವಾರ ಮಾಡಬೇಕಾದದ್ದು

ಕೆಲಸ ಹುಡುಕೋರು: 30 ಹೆಸರಿನ ಪಟ್ಟಿ ಬರೆದು, ಮೂವರಿಗೆ ಮೆಸೇಜ್ ಮಾಡಿರಿ. ಪ್ರಾರ್ಥನೆ ಚೀಟಿಯಲ್ಲಿ ಓದು, ಅನುಭವ, ಬೇಕಾದ ಕೆಲಸ, ಊರು, ನಾಲ್ಕನ್ನೂ ಬರೆಯಿರಿ.

ಕೆಲಸ ಇರೋರು: ನಿಮ್ಮ ಆಫೀಸಿನಲ್ಲಿ ಈಗ ಯಾವ ಜಾಗ ಖಾಲಿ ಇದೆ ಅಂತ ಸೋಮವಾರ ವಿಚಾರಿಸಿರಿ. ಒಬ್ಬರ ರೆಸ್ಯೂಮೆಯನ್ನು ಕೂತು ತಿದ್ದಿ ಕೊಡಿರಿ.

ಗುಂಪಿನಲ್ಲಿ ಚರ್ಚಿಸಿರಿ: ನಿಮಗೆ ಸಿಕ್ಕ ಕೆಲಸದ ಸುದ್ದಿ ಮೊದಲು ಯಾರಿಂದ ಬಂತು? ಅವರು ಆಪ್ತರೋ, ದೂರದ ಪರಿಚಯದವರೋ? ಸಹಾಯ ಕೇಳೋಕೆ ನಮ್ಮನ್ನು ತಡೆಯೋದು ಏನು?

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಕೆಲಸಕ್ಕಾಗಿ ಅಲೆಯುತ್ತಿರುವ ಈ ಮಕ್ಕಳ ಮೇಲೆ ನಿನ್ನ ಕೈ ಇರಲಿ. ಕೇಳಲು ನಾಚುವವರಿಗೆ ಧೈರ್ಯ ಕೊಡು. ನೆನಪಿಡಬೇಕಾದವರ ಮನಸ್ಸನ್ನು ಎಬ್ಬಿಸು. ಯಾರೂ ಇಲ್ಲದವರಿಗೆ ನಮ್ಮ ಸಭೆಯನ್ನೇ ಪರಿಚಯವಾಗಿ ಮಾಡು. ಮೋಸದವರ ಕೈಯಿಂದ ತಪ್ಪಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.